ಮೊದಲು ಅಳತೆ, ಆಮೇಲೆ ಖರೀದಿ: ಮಲೆನಾಡಿನ ಸಣ್ಣ ವೈರ್‌ಲೆಸ್ ಇಂಟರ್ನೆಟ್ ಜಾಲವನ್ನು ಸುಧಾರಿಸಿ, ನಿಗಾ ಇಡುವ ಬಗೆ

ಸಾಗರ, ಹೊಸನಗರ, ಸಿದ್ದಾಪುರ, ತೀರ್ಥಹಳ್ಳಿ ಕಡೆಯ ಒಂಟಿಮನೆಗಳಿಗೆ ಫೈಬರ್ ಎಳೆಯುವುದು ಲೆಕ್ಕಕ್ಕೆ ಕೂರುವುದಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಅರ್ಧ ಕಿಲೋಮೀಟರ್ ತೋಟ, ಒಂದು ಹಳ್ಳ, ಒಂದು ಸೊಪ್ಪಿನಬೆಟ್ಟ. ಗುಡ್ಡದ ನೆತ್ತಿಯಲ್ಲಿ ಟವರ್ ನಿಲ್ಲಿಸಿ, ಅಲ್ಲಿಂದ 5 ಗಿಗಾಹರ್ಟ್ಸ್ ರೇಡಿಯೊದಲ್ಲಿ ಮನೆಯ ಮಾಡಿನ ಮೇಲಿನ ಪುಟ್ಟ ಡಿಶ್‌ಗೆ ಇಂಟರ್ನೆಟ್ ಕೊಡುವುದೇ ಅಂಥಲ್ಲಿ ನಡೆಯುವ ದಾರಿ.

ಇಂಥ ಜಾಲ ನಡೆಸುವವರಿಗೆ ಬರುವ ದೂರು ಒಂದೇ: "ಸಂಜೆ ಏಳಾದರೆ ನೆಟ್ ಓಡೋದೇ ಇಲ್ಲ." ಕೂಡಲೇ ಮಾಡುವ ತಪ್ಪೂ ಒಂದೇ. ಮೇಲಿನಿಂದ ಇನ್ನೊಂದು 200 ಎಂಬಿಪಿಎಸ್ ಕೊಂಡುಬಿಡುವುದು. ಕಾಲುವೆ ಕಟ್ಟಿಕೊಂಡಿರುವುದು ತೋಟದೊಳಗಾದರೆ ತೂಬು ಎತ್ತಿ ಏನು ಬಂತು? ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ನಿಗಾ ವ್ಯವಸ್ಥೆ ಮೊದಲು, ಸಾಮಾನು ಆಮೇಲೆ.

ಲೆಕ್ಕಕ್ಕೆ ಒಂದು ಮಾದರಿ ಹಿಡಿಯೋಣ. ತಾಲೂಕು ಕೇಂದ್ರದಲ್ಲಿ 500 ಎಂಬಿಪಿಎಸ್ ಲೀಸ್ಡ್ ಲೈನ್ (ಮೇಲಿನ ಪೂರೈಕೆದಾರರಿಂದ ಪಡೆದ ಮೀಸಲು ಸಂಪರ್ಕ, ಇದೇ ಮುಖ್ಯ ಲೈನ್), ಐದು ಟವರ್, 350 ಮನೆ. ಎಲ್ಲವೂ ಒಂದೇ ಬ್ರಿಡ್ಜ್ (ನಡುವೆ ರೂಟರ್ ಇಲ್ಲದೆ ಒಟ್ಟಿಗೆ ಬೆಸೆದ ಜಾಲ), ಎಲ್ಲಿಯೂ ನಿಗಾ ಇಲ್ಲ.

ಶುರು ಮಾಡುವ ಮುನ್ನ: ಕಾಗದ ಮತ್ತು ಕ್ಯಾಲೆಂಡರ್

2018ರ ಅಕ್ಟೋಬರ್‌ನ ಅಧಿಸೂಚನೆಯಿಂದ 5150–5350, 5470–5725, 5725–5875 ಮೆಗಾಹರ್ಟ್ಸ್ ತರಂಗಗಳಿಗೆ ಭಾರತದಲ್ಲಿ ಪ್ರತ್ಯೇಕ ತರಂಗ ಪರವಾನಗಿ ಬೇಕಿಲ್ಲ. ಹಾಗೆಂದು ಇಂಟರ್ನೆಟ್ ಮಾರಲು ಪರವಾನಗಿ ಬೇಡ ಎಂದಲ್ಲ. ಅದು ದೂರಸಂಪರ್ಕ ಇಲಾಖೆಯಿಂದಲೇ ಆಗಬೇಕು, ರೇಡಿಯೊಗಳಿಗೆ ಅದೇ ಇಲಾಖೆಯ ತರಂಗ ವಿಭಾಗವಾದ ಡಬ್ಲ್ಯುಪಿಸಿಯ ಮಂಜೂರಾತಿ ಇರಬೇಕು. ಯಾರು ಯಾವಾಗ ಯಾವ ಐಪಿಯಲ್ಲಿ (ಜಾಲದ ವಿಳಾಸದಲ್ಲಿ) ಇದ್ದರು ಎಂಬ ದಾಖಲೆಯನ್ನು ಎರಡು ವರ್ಷ ಇಡಬೇಕು. ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸಾಧನಗಳ ಲಾಗ್ (ಚಟುವಟಿಕೆಯ ದಾಖಲೆ) 180 ದಿನ ಉಳಿಯಬೇಕು, ಗಡಿಯಾರಗಳು ಎನ್‌ಟಿಪಿಗೆ (ಜಾಲದ ಮೂಲಕ ಸಮಯ ಸರಿಪಡಿಸುವ ವ್ಯವಸ್ಥೆಗೆ) ಹೊಂದಿರಬೇಕು, ಸೈಬರ್ ಘಟನೆಯಾದರೆ 6 ಗಂಟೆಯೊಳಗೆ ತಿಳಿಸಬೇಕು. ಕೆಳಗೆ ಹೇಳುವ ನಿಗಾ ಸರ್ವರ್ ಈ ಲಾಗ್ ಕೆಲಸಕ್ಕೂ ಒದಗುತ್ತದೆ.

ಕ್ಯಾಲೆಂಡರ್‌ನ ಮಾತು ಇದಕ್ಕಿಂತ ಮುಖ್ಯ. ಏಪ್ರಿಲ್–ಮೇ ಸಿಡಿಲಿನ ಕಾಲ. ಜೂನ್ ಆದಮೇಲೆ ಟವರ್ ಹತ್ತುವುದು ಅಪಾಯ, ಜೀಪು ಗುಡ್ಡ ಏರುವುದೂ ಅನುಮಾನ. ಹತ್ತುವ ಕೆಲಸವನ್ನೆಲ್ಲ ಫೆಬ್ರುವರಿ–ಮಾರ್ಚ್‌ನಲ್ಲಿ ಮುಗಿಸಿ. ಆಗ ಅಡಿಕೆ ಕೊಯ್ಲು ಮುಗಿದು ಮನೆಯವರೂ ಸಿಗುತ್ತಾರೆ. ಕೂತಲ್ಲೇ ಮಾಡುವ ಕೆಲಸ, ಅಂದರೆ ರೂಟಿಂಗ್ (ಸಂಚಾರದ ದಾರಿ ಆರಿಸುವುದು), ಕ್ಯೂ (ಸಂಚಾರದ ಸಾಲು), ಅಲಾರಂ ಇತ್ಯಾದಿಗಳನ್ನು ಮಳೆಗಾಲಕ್ಕೆ ಉಳಿಸಿಕೊಳ್ಳಿ.

ಹಂತ 1: ಇರುವುದನ್ನೆಲ್ಲ ಪಟ್ಟಿ ಮಾಡಿ

ಒಂದು ಸ್ಪ್ರೆಡ್‌ಶೀಟ್ ಸಾಕು. ಪ್ರತಿ ರೇಡಿಯೊಗೆ ಒಂದು ಸಾಲು: ಟವರ್, ಮಾದರಿ, ಫರ್ಮ್‌ವೇರ್ (ಸಾಧನದ ಒಳಗಿನ ತಂತ್ರಾಂಶ) ಆವೃತ್ತಿ, ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲಿ ಕೊಟ್ಟ ಗುರುತು), ಐಪಿ, ಚಾನೆಲ್ ಮತ್ತು ಅದರ ಅಗಲ, ಡಿಶ್ ನೋಡುವ ದಿಕ್ಕು ಡಿಗ್ರಿಯಲ್ಲಿ, ಎತ್ತರ, ಕೇಬಲ್ ಯಾವ ಸ್ವಿಚ್‌ನ ಎಷ್ಟನೇ ಪೋರ್ಟ್‌ಗೆ, ಪಿಒಇ (ಜಾಲದ ಕೇಬಲ್‌ನಲ್ಲೇ ಹೋಗುವ ವಿದ್ಯುತ್ತು) 24 ವೋಲ್ಟೋ 48 ವೋಲ್ಟೋ. ಕೊನೆಯದನ್ನು ಬರೆಯದೆ ಬಿಟ್ಟರೆ ಒಂದಲ್ಲ ಒಂದು ದಿನ 24 ವೋಲ್ಟಿನ ರೇಡಿಯೊಗೆ ಪ್ಯಾಸಿವ್ (ಎಷ್ಟು ಬೇಕೆಂದು ಕೇಳದೆ ನೇರ ಹಾಯಿಸುವ) 48 ಕೊಟ್ಟು ಸುಡುವುದು ಖಂಡಿತ.

ಹೆಸರಿಡುವುದಕ್ಕೂ ಒಂದು ಕ್ರಮ ಇರಲಿ: ಊರು, ಕೆಲಸ, ದಿಕ್ಕು. "ಎಪಿ-3" ಎಂದಿದ್ದರೆ ರಾತ್ರಿ ಎರಡು ಗಂಟೆಗೆ ಅದು ಯಾವ ಗುಡ್ಡ ಎಂದು ನೆನಪಾಗುವುದಿಲ್ಲ.

ಹಂತ 2: ನಿಗಾ ಸರ್ವರ್ ನಿಲ್ಲಿಸಿ

350 ಮನೆಗಳ ಜಾಲಕ್ಕೆ 4 ಕೋರ್, 8 ಜಿಬಿ ರ್‍ಯಾಮ್, 250 ಜಿಬಿ ಎಸ್‌ಎಸ್‌ಡಿ ಇರುವ ಹಳೆಯ ಆಫೀಸ್ ಕಂಪ್ಯೂಟರ್ ಧಾರಾಳವಾಯಿತು. ಐಪಿ ದಾಖಲೆಗೆ ಮಾತ್ರ ಬೇರೆ ಡಿಸ್ಕ್ ಕೊಡಿ. ಲಿನಕ್ಸ್ ಹಾಕಿ ಮೂರು ತಂತ್ರಾಂಶ ಕೂರಿಸಿ. ಮೂರೂ ಉಚಿತ.

ಲಿಬ್ರೆಎನ್‌ಎಂಎಸ್: ಎಸ್‌ಎನ್‌ಎಂಪಿ (ಸಾಧನಗಳ ಸ್ಥಿತಿ ವಿಚಾರಿಸುವ ರೀತಿ) ಮೂಲಕ ಪ್ರತಿ ಸಾಧನವನ್ನು 5 ನಿಮಿಷಕ್ಕೊಮ್ಮೆ ಕೇಳಿ ಗ್ರಾಫ್ ಬರೆಯುತ್ತದೆ. ಮೈಕ್ರೋಟಿಕ್, ಯುಬಿಕ್ವಿಟಿ, ಕ್ಯಾಂಬಿಯಂ ರೇಡಿಯೊಗಳ ಸಿಗ್ನಲ್ ಮಟ್ಟವನ್ನೂ ಓದುತ್ತದೆ.

ಸ್ಮೋಕ್‌ಪಿಂಗ್: 5 ನಿಮಿಷಕ್ಕೆ 20 ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಎಂದು ನೋಡುವ ಪುಟ್ಟ ಸಂದೇಶ) ಕಳಿಸಿ, ನಟ್ಟನಡುವಿನ ಬೆಲೆಯ (ಮೀಡಿಯನ್) ಜೊತೆಗೆ ಏರಿಳಿತವನ್ನೂ ಹೊಗೆಯ ಹಾಗೆ ತೋರಿಸುತ್ತದೆ. ಸಂಜೆಯ ದೂರಿಗೆ ಉತ್ತರ ಹೆಚ್ಚಾಗಿ ಸಿಗುವುದು ಈ ಹೊಗೆಯಲ್ಲೇ.

ಆಕ್ಸಿಡೈಸ್ಡ್: ಪ್ರತಿದಿನ ಎಲ್ಲ ರೂಟರ್, ಸ್ವಿಚ್‌ಗಳ ಕಾನ್ಫಿಗರೇಶನ್ ಎಳೆದು ಇಟ್ಟುಕೊಳ್ಳುತ್ತದೆ. ನಿನ್ನೆಗೂ ಇಂದಿಗೂ ಏನು ಬದಲಾಯಿತು ಎಂಬುದು ಸಾಲು ಸಾಲಾಗಿ ಕಾಣುತ್ತದೆ.

ಎಸ್‌ಎನ್‌ಎಂಪಿ ತೆರೆಯುವಾಗ "ಪಬ್ಲಿಕ್" ಎಂಬ ಪೂರ್ವನಿಯೋಜಿತ ಗುಟ್ಟುಪದವನ್ನು ತೆಗೆದುಹಾಕಿ, ನಿಗಾ ಸರ್ವರ್‌ನ ಐಪಿಗೆ ಮಾತ್ರ ಉತ್ತರಿಸುವಂತೆ ಕಟ್ಟಿ. ಆವೃತ್ತಿ 2ಸಿ ಬಳಸಿದರೆ ಆ ಪದ ತಂತಿಯ ಮೇಲೆ ಬಯಲಾಗಿಯೇ ಓಡಾಡುತ್ತದೆ. ಸಾಧನ ಒಪ್ಪುವುದಾದರೆ ಆವೃತ್ತಿ 3 ಹಾಕಿ.

ಇಲ್ಲೊಂದು ಹಳೆಯ ಬಲೆ ಇದೆ. ಪೋರ್ಟ್‌ನಲ್ಲಿ ಹರಿದ ಡೇಟಾವನ್ನು ಲೆಕ್ಕವಿಡುವ ಎಸ್‌ಎನ್‌ಎಂಪಿಯ 32 ಬಿಟ್ ಎಣಿಕೆ 4.29 ಜಿಬಿ ದಾಟಿದ ಕೂಡಲೇ ಸೊನ್ನೆಗೆ ಮರಳುತ್ತದೆ. 100 ಎಂಬಿಪಿಎಸ್ ಹರಿವಿನಲ್ಲಿ ಅದಕ್ಕೆ ಹಿಡಿಯುವ ಸಮಯ 343 ಸೆಕೆಂಡ್. ಅಂದರೆ 5 ನಿಮಿಷದ ಕೇಳಿಕೆಯಲ್ಲಿ 115 ಎಂಬಿಪಿಎಸ್ ದಾಟಿದ ಕೂಡಲೇ ಗ್ರಾಫ್ ಸುಳ್ಳು ಹೇಳತೊಡಗುತ್ತದೆ. 300 ಎಂಬಿಪಿಎಸ್ ಹೋಗುತ್ತಿದ್ದರೂ 70 ತೋರಿಸಬಹುದು. 64 ಬಿಟ್ ಎಣಿಕೆಯೇ ಬಳಕೆಯಾಗುತ್ತಿದೆ ಎಂದು ಪ್ರತಿ ಬ್ಯಾಕ್‌ಹಾಲ್ (ಟವರ್‌ನಿಂದ ಟವರ್‌ಗೆ ಹೋಗುವ ಕೊಂಡಿ) ಪೋರ್ಟ್‌ನಲ್ಲೂ ಖಾತ್ರಿ ಮಾಡಿಕೊಳ್ಳಿ. ಆವೃತ್ತಿ 1ರ ಎಸ್‌ಎನ್‌ಎಂಪಿಯಲ್ಲಿ 64 ಬಿಟ್ ಎಣಿಕೆಯೇ ಇಲ್ಲ.

ಎಲ್ಲ ಸಾಧನಗಳಿಗೂ ಎನ್‌ಟಿಪಿ ಕೊಡಿ. ಹೆಚ್ಚಿನ ರೇಡಿಯೊಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದರೆ ಅವು 1970ಕ್ಕೋ ಫರ್ಮ್‌ವೇರ್ ತಯಾರಾದ ದಿನಕ್ಕೋ ಹೋಗಿ ಕೂರುತ್ತವೆ, ಲಾಗ್ ಇದ್ದೂ ಇಲ್ಲದಂತಾಗುತ್ತದೆ.

ಸ್ಮೋಕ್‌ಪಿಂಗ್‌ಗೆ ಕೊಡುವ ಗುರಿಗಳನ್ನು ಸರಪಳಿಯ ಹಾಗೆ ಜೋಡಿಸಿ: ಮೇಲಿನ ಪೂರೈಕೆದಾರರ ಗೇಟ್‌ವೇ, ಪ್ರತಿ ಟವರ್‌ನ ರೂಟರ್, ಪ್ರತಿ ಸೆಕ್ಟರ್‌ನಲ್ಲಿ (ಟವರ್‌ನ ಒಂದು ದಿಕ್ಕಿನ ಮನೆಗಳಿಗೆಲ್ಲ ಒಂದೇ ಆಂಟೆನಾ) ಒಳ್ಳೆಯ ಸಿಗ್ನಲ್ ಇರುವ ಒಂದು ಮನೆ ಮತ್ತು ಕೆಟ್ಟ ಸಿಗ್ನಲ್ ಇರುವ ಒಂದು ಮನೆ. ಹೊಗೆ ಯಾವ ಕೊಂಡಿಯಿಂದ ಶುರುವಾಗುತ್ತದೋ ತೊಂದರೆ ಅಲ್ಲಿದೆ.

ಹಂತ 3: ಎರಡು ವಾರ ಏನನ್ನೂ ಮುಟ್ಟಬೇಡಿ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಎರಡು ಶನಿವಾರ–ಭಾನುವಾರ ಕಳೆಯಲಿ. ಆಮೇಲೆ ಪ್ರತಿ ಕೊಂಡಿಯ 95ನೇ ಪರ್ಸೆಂಟೈಲ್ ತೆಗೆಯಿರಿ. 30 ದಿನದಲ್ಲಿ 5 ನಿಮಿಷದ ಅಳತೆ 8640 ಸಿಗುತ್ತವೆ. ಅತಿ ದೊಡ್ಡ 432ನ್ನು, ಅಂದರೆ 36 ಗಂಟೆಯಷ್ಟನ್ನು ಬಿಟ್ಟು ಉಳಿದುದರಲ್ಲಿ ದೊಡ್ಡದು ಯಾವುದೋ ಅದೇ ಆ ಸಂಖ್ಯೆ. ಎರಡು ವಾರಕ್ಕಾದರೆ 4032ರಲ್ಲಿ ಮೇಲಿನ 201 ಬಿಡಿ. ಅದನ್ನು ಚಾಲ್ತಿಯಲ್ಲಿರುವ ಮನೆಗಳಿಂದ ಭಾಗಿಸಿದರೆ ಒಂದು ಮನೆಯ ನಿಜವಾದ ಸಂಜೆ ಬೇಡಿಕೆ ಗೊತ್ತಾಗುತ್ತದೆ. ನಮ್ಮ ಮಾದರಿಯಲ್ಲಿ ಅದು 420 ಎಂಬಿಪಿಎಸ್ ಬಂದರೆ ಮನೆಗೆ 1.2 ಎಂಬಿಪಿಎಸ್. ಪ್ಲ್ಯಾನ್‌ನಲ್ಲಿ ಬರೆದ 30 ಅಥವಾ 50ಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಯಾರೋ ಬರೆದ ಅನುಪಾತ ನಂಬುವ ಬದಲು ನಿಮ್ಮದೇ ಸಂಖ್ಯೆ ಹಿಡಿದು ಮುಂದಿನ ಲೆಕ್ಕ ಮಾಡಿ.

ಆದರೆ ಒಂದು ಎಚ್ಚರ: ಕೊಂಡಿ ಈಗಾಗಲೇ ತುಂಬಿ ತುಳುಕುತ್ತಿದ್ದರೆ ಗ್ರಾಫ್ ಸಂಜೆ ಹೊತ್ತು ಮೇಜಿನ ಹಾಗೆ ಚಪ್ಪಟೆಯಾಗುತ್ತದೆ. ಆಗ ಕಾಣುವುದು ಕೊಂಡಿಯ ಮಿತಿ. ನಿಜವಾದ ಬೇಡಿಕೆ ಅದಕ್ಕಿಂತ ಮೇಲಿದೆ.

ಹಂತ 4: ಸೆಕ್ಟರ್‌ನ ಏರ್‌ಟೈಮ್ ಉಳಿಸಿ

ಬಹುತೇಕ ಜಾಲಗಳಲ್ಲಿ ಗಂಟು ಬಿದ್ದಿರುವುದು ಇಲ್ಲಿಯೇ.

ಸೆಕ್ಟರ್ ಆಂಟೆನಾದಲ್ಲಿ ಮನೆಗಳೆಲ್ಲ ಹಂಚಿಕೊಳ್ಳುವುದು ಸಮಯವನ್ನು. ಏರ್‌ಟೈಮ್ ಎಂದರೆ ಇದೇ. 20 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಎರಡು ಸ್ಟ್ರೀಮ್ (ಏಕಕಾಲಕ್ಕೆ ಎರಡು ಹರಿವು) ರೇಡಿಯೊ ಎಂಸಿಎಸ್ 7ರಲ್ಲಿ (ಎಂಸಿಎಸ್ ಎಂದರೆ ಸಿಗ್ನಲ್‌ಗೆ ತಕ್ಕ ವೇಗದ ಮೆಟ್ಟಿಲು) 130 ಎಂಬಿಪಿಎಸ್ ವೇಗದಲ್ಲಿ ಮಾತಾಡುತ್ತದೆ, ಎಂಸಿಎಸ್ 1ರಲ್ಲಿ ಬರೀ 26. ನಿಜವಾಗಿ ಕೈಗೆ ಸಿಗುವುದು ಸುಮಾರು ಶೇ. 60 ಎಂದುಕೊಂಡರೆ 78 ಮತ್ತು 15.6. ಈಗ ಎರಡು ಮನೆಯವರೂ 10 ಎಂಬಿಪಿಎಸ್‌ನ ವಿಡಿಯೊ ನೋಡುತ್ತಾರೆ. ಒಳ್ಳೆಯ ಸಿಗ್ನಲ್‌ನ ಮನೆ ಸೆಕ್ಟರ್‌ನ ಶೇ. 13ರಷ್ಟು ಸಮಯ ತಿಂದರೆ, ಕೆಟ್ಟ ಸಿಗ್ನಲ್‌ನ ಮನೆ ಶೇ. 64ರಷ್ಟು ತಿನ್ನುತ್ತದೆ. ಕಟ್ಟುವ ಹಣ ಮಾತ್ರ ಒಂದೇ. ತೋಟದ ಮರೆಯಲ್ಲಿರುವ ಒಂದೇ ಮನೆ 35 ಮನೆಗಳ ಸಂಜೆ ಕೆಡಿಸುವುದು ಹೀಗೆ.

ಮಾಡಬೇಕಾದ್ದು: ಪ್ರತಿ ಸೆಕ್ಟರ್‌ನ ಮನೆಗಳನ್ನು ಸಿಗ್ನಲ್ ಪ್ರಕಾರ ಕೆಳಗಿನಿಂದ ಮೇಲಕ್ಕೆ ಜೋಡಿಸಿ, ಕೊನೆಯ ಐದನ್ನು ಆರಿಸಿ. ಪ್ರತಿಯೊಂದಕ್ಕೂ ಬರಬೇಕಾದ ಸಿಗ್ನಲ್ ಎಷ್ಟು ಎಂದು ಲೆಕ್ಕ ಹಾಕಿ. ಬಯಲಲ್ಲಿ ಆಗುವ ನಷ್ಟ, ಡಿಬಿಯಲ್ಲಿ (ಶಕ್ತಿಯ ಏರಿಳಿತದ ಅಳತೆ) = 92.45 + 20 ಲಾಗ್ (ದೂರ, ಕಿ.ಮೀ.) + 20 ಲಾಗ್ (ತರಂಗ, ಗಿಗಾಹರ್ಟ್ಸ್). 5.8 ಗಿಗಾಹರ್ಟ್ಸ್‌ನಲ್ಲಿ 5 ಕಿ.ಮೀ.ಗೆ 122 ಡಿಬಿ. ಟವರ್‌ನಿಂದ 36 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಹೊರಟು ಮನೆಯಲ್ಲಿ 23 ಡಿಬಿಐ (ಆಂಟೆನಾ ಕೂಡಿಸುವ ಬಲದ ಅಳತೆ) ಡಿಶ್ ಇದ್ದರೆ −63 ಡಿಬಿಎಂ ಆಸುಪಾಸು ಬರಬೇಕು.

ಲೆಕ್ಕಕ್ಕಿಂತ 3–4 ಡಿಬಿ ಕಡಿಮೆ ಇದ್ದರೆ ಚಿಂತೆ ಬೇಡ. 15–20 ಡಿಬಿ ಕಡಿಮೆ ಇದ್ದರೆ ಡಿಶ್ ಅನ್ನು ಪಕ್ಕದ ಕಿರುಕಿರಣಕ್ಕೆ (ಮುಖ್ಯ ಕಿರಣದ ಆಚೀಚೆಯ ದುರ್ಬಲ ಕಿರಣಕ್ಕೆ) ಕೂರಿಸಿದ್ದಾರೆ ಎಂದು ಮೊದಲು ಅನುಮಾನಿಸಿ. ಅಡ್ಡಡ್ಡ ಪೂರ್ತಿ ತಿರುಗಿಸಿ ನಿಜವಾದ ಶಿಖರ ಹುಡುಕಬೇಕು, ಮೊದಲು ಸಿಕ್ಕ ಏರಿಗೆ ಬೋಲ್ಟ್ ಬಿಗಿಯಬಾರದು. ಎರಡು ಧ್ರುವೀಕರಣಗಳ (ಅಲೆ ಕಂಪಿಸುವ ಎರಡು ದಿಕ್ಕುಗಳ) ನಡುವೆ 4–5 ಡಿಬಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆಂಟೆನಾದೊಳಗೆ ನೀರು ಇಳಿದಿದೆ, ಕನೆಕ್ಟರ್ ಕೆಟ್ಟಿದೆ ಅಥವಾ ಡಿಶ್ ವಾಲಿದೆ. ಮಳೆ ಬಂದಾಗಷ್ಟೇ ಇಳಿದು ಮರುದಿನ ಸರಿಯಾದರೆ ಒದ್ದೆ ಎಲೆಯ ಕೆಲಸ. 5 ಗಿಗಾಹರ್ಟ್ಸ್‌ಗೆ ಮಳೆಹನಿಯಿಂದ ಆಗುವ ನಷ್ಟ ಇಷ್ಟು ದೂರಕ್ಕೆ ಲೆಕ್ಕಕ್ಕಿಲ್ಲ. ದಟ್ಟ ಮರವೊಂದು ಅಡ್ಡ ಬಂದರೆ ಮಾತ್ರ 10 ಡಿಬಿ ಸುಲಭವಾಗಿ ನುಂಗುತ್ತದೆ. ವರ್ಷದ ಗ್ರಾಫ್ ನಿಧಾನಕ್ಕೆ ಇಳಿಜಾರಾಗಿದ್ದರೆ ಅಕೇಶಿಯವೋ ಸಿಲ್ವರ್ ಓಕೋ ಬೆಳೆಯುತ್ತಿದೆ ಎಂದರ್ಥ. ಅಡಿಕೆ ತೋಟದ ಮೇಲೆ ಹಾದುಹೋಗುವ ಕೊಂಡಿಗೆ ಈಗಿನ ಎತ್ತರ ನೋಡಿ ಕಂಬ ಹಾಕಿದರೆ ಕೆಲವೇ ವರ್ಷಕ್ಕೆ ಮತ್ತೆ ಉದ್ದ ಮಾಡಬೇಕು.

ಸರಿಪಡಿಸಲಾಗದ ಮನೆಯನ್ನು ಬೇರೆ ಟವರ್‌ಗೆ ತಿರುಗಿಸಿ, ಇಲ್ಲವೇ ಆ ಕೇರಿಯ ಎತ್ತರದ ಮನೆಯೊಂದರಿಂದ ಪುಟ್ಟ ಮರುಪ್ರಸಾರ ಕೊಡಿ. ಅದೂ ಆಗದಿದ್ದರೆ ಸಂಪರ್ಕ ಕೊಡಲಾಗದು ಎಂದು ನೇರವಾಗಿ ಹೇಳುವುದೇ ಮೇಲು. −75 ಡಿಬಿಎಂಗಿಂತ ಕೆಳಗೆ ಹೊಸ ಸಂಪರ್ಕ ಕೊಡುವುದಿಲ್ಲ ಎಂಬ ಗೆರೆ ಎಳೆದುಕೊಳ್ಳಿ. ನೆಂಟರ ಮನೆಯಾದರೂ ಸರಿ.

ಚಾನೆಲ್ ಅಗಲ ದುಪ್ಪಟ್ಟು ಮಾಡುವ ಆಸೆ ಬರುತ್ತದೆ. 20ರಿಂದ 40 ಮೆಗಾಹರ್ಟ್ಸ್‌ಗೆ ಹೋದರೆ ಒಳಬರುವ ಗದ್ದಲ 3 ಡಿಬಿ ಏರುತ್ತದೆ. 5725–5875ರಲ್ಲಿ 20 ಮೆಗಾಹರ್ಟ್ಸ್‌ನ ಏಳು ಚಾನೆಲ್ ಇದ್ದದ್ದು 40ಕ್ಕೆ ಮೂರಾಗುತ್ತದೆ. ನಾಲ್ಕು ಸೆಕ್ಟರ್‌ನ ಟವರ್‌ನಲ್ಲಿ ಅವು ತಮ್ಮತಮ್ಮಲ್ಲೇ ಕಚ್ಚಾಡುತ್ತವೆ. ಜಿಪಿಎಸ್ ಸಿಂಕ್ (ಉಪಗ್ರಹದ ಸಮಯಕ್ಕೆ ಹೊಂದಿಕೊಳ್ಳುವ ಸೌಲಭ್ಯ) ಇರುವ ರೇಡಿಯೊಗಳಿದ್ದರೆ ಎಲ್ಲ ಸೆಕ್ಟರ್‌ಗಳೂ ಒಟ್ಟಿಗೆ ಕಳಿಸಿ ಒಟ್ಟಿಗೆ ಕೇಳುವುದರಿಂದ ಎದುರುಬದುರು ಸೆಕ್ಟರ್‌ಗಳಿಗೆ ಒಂದೇ ಚಾನೆಲ್ ಮತ್ತೆ ಬಳಸಬಹುದು. ಆಗ ಎಲ್ಲವಕ್ಕೂ ಒಂದೇ ಫ್ರೇಮ್ (ಕಳಿಸಿ ಕೇಳುವ ಒಂದು ಸುತ್ತು) ಉದ್ದ, ಮನೆಗೆ ಕಳಿಸುವ ಮತ್ತು ಮನೆಯಿಂದ ಕೇಳುವ ಸಮಯದ ಒಂದೇ ಅನುಪಾತ ಇರಬೇಕು. 75/25 ಮನೆಬಳಕೆಗೆ ಹೊಂದುತ್ತದೆ.

ಹಂತ 5: ಟವರ್‌ನಿಂದ ಟವರ್‌ಗೆ

ಕಣ್ಣಿಗೆ ಎದುರಿನ ಟವರ್ ಕಂಡ ಮಾತ್ರಕ್ಕೆ ಬ್ಯಾಕ್‌ಹಾಲ್ ಕೂರುವುದಿಲ್ಲ. 10 ಕಿ.ಮೀ. ಕೊಂಡಿಯ ನಟ್ಟನಡುವೆ 5.8 ಗಿಗಾಹರ್ಟ್ಸ್‌ನ ಮೊದಲ ಫ್ರೆನೆಲ್ ವಲಯದ (ನೇರ ಗೆರೆಯ ಸುತ್ತ ಅಲೆಗೆ ಬೇಕಾದ ಜಾಗದ) ತ್ರಿಜ್ಯ 11.4 ಮೀಟರ್. ಅದರ ಶೇ. 60, ಅಂದರೆ ಸುಮಾರು 7 ಮೀಟರ್ ಖಾಲಿ ಇರಬೇಕು. ಭೂಮಿಯ ಉಬ್ಬು ಇನ್ನೂ ಒಂದೂವರೆ ಮೀಟರ್ ಸೇರಿಸಿ. ಮರದ ತುದಿಯಿಂದ ಎಂಟೂವರೆ ಮೀಟರ್ ಮೇಲೆ ಗೆರೆ ಹೋಗಬೇಕು ಎಂದಾಯಿತು.

5725–5875ರಲ್ಲಿ ಆಂಟೆನಾ ಸೇರಿ ಹೊರಡುವ ಶಕ್ತಿಯ ಮಿತಿ 36 ಡಿಬಿಎಂ, ಅಂದರೆ 4 ವ್ಯಾಟ್. 30 ಡಿಬಿಐ ಡಿಶ್ ಹಾಕಿದರೆ ರೇಡಿಯೊ ಶಕ್ತಿಯನ್ನು 6 ಡಿಬಿಎಂಗೆ ಇಳಿಸಬೇಕು. ಹಾಗಾದರೆ ದೊಡ್ಡ ಡಿಶ್ ಯಾಕೆ? ಕೇಳುವ ಕಡೆ ಅದು ಪೂರ್ತಿ ಲಾಭ ಕೊಡುತ್ತದೆ, ಅಕ್ಕಪಕ್ಕದವರ ಗದ್ದಲವನ್ನು ಒಳಬಿಡುವುದಿಲ್ಲ, ನಿಮ್ಮ ಗದ್ದಲವನ್ನು ಅವರಿಗೆ ಎರಚುವುದೂ ಇಲ್ಲ. ಮೇಲಿನ ಸೂತ್ರದಲ್ಲೇ 10 ಕಿ.ಮೀ.ಗೆ 128 ಡಿಬಿ ನಷ್ಟ ಕಳೆದರೂ −62 ಡಿಬಿಎಂ ಸಿಗುತ್ತದೆ.

ಬ್ಯಾಕ್‌ಹಾಲ್ ಬದಲಿಸುವ ಕ್ರಮ: ಹೊಸ ಜೋಡಿಯನ್ನು ಹಳೆಯದರ ಪಕ್ಕ ಕೂರಿಸಿ, ಬೇರೆ ಚಾನೆಲ್‌ನಲ್ಲಿ ಒಂದು ವಾರ ಖಾಲಿ ಓಡಿಸಿ, ರಾತ್ರಿ ಸಂಚಾರ ತಿರುಗಿಸಿ. ಹಳೆಯದನ್ನು ಕೀಳಬೇಡಿ. ಮುಂದಿನ ಹಂತ ಆದಮೇಲೆ ಅದೇ ಬದಲಿ ದಾರಿಯಾಗುತ್ತದೆ.

ಹಂತ 6: ಬ್ರಿಡ್ಜ್ ಒಡೆದು ರೂಟಿಂಗ್ ಮಾಡಿ

ಇಡೀ ಜಾಲ ಒಂದೇ ಬ್ರಿಡ್ಜ್ ಆಗಿದ್ದರೆ ಯಾರದೋ ಮನೆಯಲ್ಲಿ ವೈಫೈ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಕೇಬಲ್ ಚುಚ್ಚಿದರೆ ಸಾಕು, ಅದರ ಡಿಎಚ್‌ಸಿಪಿ (ಐಪಿ ವಿಳಾಸ ತಾನಾಗಿ ಹಂಚುವ ಸೇವೆ) ಇಡೀ ಊರಿಗೆ 192.168.0 ವಿಳಾಸ ಹಂಚತೊಡಗುತ್ತದೆ. ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕೂಗಿ ಹೇಳುವ) ಪೊಟ್ಟಣಗಳು ಅತಿ ನಿಧಾನದ ದರದಲ್ಲಿ ಹೋಗುವುದರಿಂದ ಏರ್‌ಟೈಮ್‌ಗೂ ಹೊಡೆತ.

ರೂಟಿಂಗ್‌ಗೆ ಹೋಗುವ ಕ್ರಮ ಹೀಗೆ:

1. ವಿಳಾಸದ ಯೋಜನೆ ಮೊದಲು. ಟವರ್ 1ಕ್ಕೆ 10.1.x.x, ಟವರ್ 2ಕ್ಕೆ 10.2.x.x. ಟವರ್‌ಗಳ ನಡುವೆ /30 (ಎರಡೇ ಸಾಧನಕ್ಕೆ ಸಾಲುವ ವಿಳಾಸಗಳ ಗುಂಪು). ಗ್ರಾಹಕರಿಗೆ ಹಂಚಿಕೆಯ ಐಪಿ ಕೊಡುವುದಾದರೆ ಅದಕ್ಕೆಂದೇ ಮೀಸಲಾದ 100.64.0.0/10.
2. ಪ್ರತಿ ಟವರ್‌ಗೆ ರೂಟರ್ ಇಟ್ಟು, ರೇಡಿಯೊಗಳ ನಿರ್ವಹಣೆಗೆ ಪ್ರತ್ಯೇಕ ವಿಲ್ಯಾನ್ (ಅದೇ ತಂತಿಯಲ್ಲಿ ಬೇರ್ಪಡಿಸಿದ ಜಾಲ) ಕೊಡಿ.
3. ಬದಲಿಸುವ ಹಿಂದಿನ ದಿನ ಡಿಎಚ್‌ಸಿಪಿ ಲೀಸ್ ಅವಧಿ 10 ನಿಮಿಷಕ್ಕೆ ಇಳಿಸಿ. ಇದನ್ನು ಮರೆತರೆ ಬೆಳಿಗ್ಗೆ ಅರ್ಧ ಊರಿಗೆ ಫೋನ್ ಮಾಡಿ "ರೂಟರ್ ಆಫ್ ಮಾಡಿ ಆನ್ ಮಾಡಿ" ಎನ್ನಬೇಕಾಗುತ್ತದೆ.
4. ತುದಿಯ ಟವರ್‌ನಿಂದ ಶುರು ಮಾಡಿ, ಒಂದು ರಾತ್ರಿಗೆ ಒಂದೇ ಟವರ್.
5. ಟವರ್‌ಗಳ ನಡುವೆ ಒಎಸ್‌ಪಿಎಫ್ (ರೂಟರ್‌ಗಳು ತಾವೇ ದಾರಿ ಕಂಡುಕೊಳ್ಳುವ ವ್ಯವಸ್ಥೆ) ಹಾಕಿ. ಕೊಂಡಿಯನ್ನು ಪಾಯಿಂಟ್-ಟು-ಪಾಯಿಂಟ್ ಎಂದು ಘೋಷಿಸಿ, ಗ್ರಾಹಕರ ಕಡೆಯ ಇಂಟರ್‌ಫೇಸ್‌ಗಳನ್ನು ಪ್ಯಾಸಿವ್ (ಒಎಸ್‌ಪಿಎಫ್ ಮಾತು ಆಚೆ ಹೋಗದಂತೆ) ಮಾಡಿ, ದೃಢೀಕರಣದ ಕೀಲಿ ಕೊಡಿ. ಪೂರ್ವನಿಯೋಜಿತ ಹಲೋ (ಇದ್ದೇನೆ ಎನ್ನುವ ಸಂದೇಶ) 10, ಡೆಡ್ (ಅದು ಕೇಳಿಸದೆ ಕೊಂಡಿ ಸತ್ತಿತೆನ್ನುವ ಅವಧಿ) 40 ಸೆಕೆಂಡ್.
6. ಪ್ರತಿ ಸೆಕ್ಟರ್‌ನಲ್ಲಿ ಕ್ಲೈಂಟ್ ಐಸೊಲೇಶನ್ (ಮನೆಗಳು ನೇರವಾಗಿ ಒಂದನ್ನೊಂದು ತಲುಪದಂತೆ ತಡೆ).

ಪಿಪಿಪಿಒಇ (ಗ್ರಾಹಕರು ಹೆಸರು, ಗುಟ್ಟುಪದ ಕೊಟ್ಟು ಸೇರುವ ವಿಧಾನ) ಬಳಸುವವರು ಗಮನಿಸಿ: ಅದು ಎರಡನೇ ಸ್ತರದ (ಒಂದೇ ಬ್ರಿಡ್ಜ್‌ನೊಳಗಿನ) ವಿಷಯ, ರೂಟರ್ ದಾಟುವುದಿಲ್ಲ. ಆದ್ದರಿಂದ ಪಿಪಿಪಿಒಇ ಸರ್ವರ್ ಪ್ರತಿ ಟವರ್‌ನ ರೂಟರ್‌ನಲ್ಲೇ ಇರಲಿ, ರೇಡಿಯಸ್ (ಗ್ರಾಹಕರ ಗುರುತು ಪರಿಶೀಲಿಸುವ ಸರ್ವರ್) ಮಾತ್ರ ಕೇಂದ್ರದಲ್ಲಿ. ಎಂಟಿಯು (ಒಂದು ಪೊಟ್ಟಣದ ಗರಿಷ್ಠ ಗಾತ್ರ) 1492ಕ್ಕೆ ಇಳಿಯುವುದರಿಂದ ಟಿಸಿಪಿ ಎಂಎಸ್‌ಎಸ್ (ಅದರೊಳಗಿನ ಡೇಟಾದ ಮಿತಿ) 1452ಕ್ಕೆ ಕಟ್ಟಿ. ಕಟ್ಟದಿದ್ದರೆ ಹೆಚ್ಚಿನ ತಾಣಗಳು ತೆರೆದು ಕೆಲವು ಮಾತ್ರ, ಅದರಲ್ಲೂ ಬ್ಯಾಂಕಿನವು, ತೆರೆಯದೆ ಗ್ರಾಹಕರ ಕೈಲಿ ಬೈಸಿಕೊಳ್ಳುತ್ತೀರಿ.

ಒಎಸ್‌ಪಿಎಫ್‌ಗೂ ಒಂದು ಕುರುಡು ಇದೆ. ಕೊಂಡಿ ಸತ್ತರೆ ಅದಕ್ಕೆ ತಿಳಿಯುತ್ತದೆ, ಸೊರಗಿದರೆ ತಿಳಿಯುವುದಿಲ್ಲ. 200 ಎಂಬಿಪಿಎಸ್ ರೇಡಿಯೊ ಗದ್ದಲ ತಾಗಿ 20ಕ್ಕೆ ಇಳಿದರೂ ಹಲೋ ಹೋಗುತ್ತಲೇ ಇರುತ್ತದೆ. ಆ ಕೆಲಸ ನಿಗಾ ಸರ್ವರ್‌ನದು.

ಹಂತ 7: ಸಾಲು ಸರಿಮಾಡಿ

ಸ್ಪೀಡ್ ಟೆಸ್ಟ್‌ನಲ್ಲಿ 28 ಬರುತ್ತದೆ, ವಿಡಿಯೊ ಕಾಲ್ ಮಾತ್ರ ಕಡಿಯುತ್ತದೆ ಎಂದರೆ ಪೊಟ್ಟಣಗಳು ಎಲ್ಲೋ ಉದ್ದ ಸಾಲಿನಲ್ಲಿ ಕಾಯುತ್ತಿವೆ. ಪ್ರತಿ ಗ್ರಾಹಕರಿಗೆ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಎಂಬ, ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಕ್ಯೂ ಕೊಡಿ. ಮೈಕ್ರೋಟಿಕ್‌ನ ರೂಟರ್‌ಒಎಸ್ 7ರಲ್ಲಿ ಎರಡೂ ಇವೆ. ಮುಖ್ಯ ಲೈನಿನ ಮಿತಿಯನ್ನು ನಿಮ್ಮ ರೂಟರ್‌ನಲ್ಲೇ ಶೇ. 95ಕ್ಕೆ, ಅಂದರೆ 475 ಎಂಬಿಪಿಎಸ್‌ಗೆ ಕಟ್ಟಿ. ಸಾಲು ಮೇಲಿನವರ ಬಳಿ ನಿಂತರೆ ನಿಮ್ಮ ಕೈಲಿ ಏನೂ ಇಲ್ಲ. ಕ್ಯೂ ಹಾಕಿಯೂ ಫಲವಿಲ್ಲ ಎನಿಸಿದರೆ ಫಾಸ್ಟ್‌ಟ್ರ್ಯಾಕ್ ನಿಯಮ ಇದೆಯೇ ನೋಡಿ. ಅದರ ದಾರಿಯಲ್ಲಿ ಹೋದ ಸಂಚಾರ ಸಿಂಪಲ್ ಕ್ಯೂಗಳನ್ನು ತಪ್ಪಿಸಿಕೊಂಡು ಹೋಗುತ್ತದೆ. ಗ್ರಾಹಕರು ಹೆಚ್ಚಾದಂತೆ ರೂಟರ್ ಏದುಸಿರು ಬಿಟ್ಟರೆ ಲಿಬ್ರೆಕ್ಯೂಒಎಸ್ ಎಂಬ ಉಚಿತ ತಂತ್ರಾಂಶವನ್ನು ಬೇರೆ ಕಂಪ್ಯೂಟರ್‌ನಲ್ಲಿ ನಡುವೆ ಕೂರಿಸಬಹುದು.

ಹಂತ 8: ಕರೆಂಟು

ನಿಗಾ ಹಾಕಿದ ಮೇಲೆ ಬಹಳ ಜನಕ್ಕೆ ಬರುವ ಜ್ಞಾನೋದಯ: ಟವರ್ ಸತ್ತದ್ದು ಹೆಚ್ಚಾಗಿ ರೇಡಿಯೊದಿಂದಲ್ಲ, ಬ್ಯಾಟರಿಯಿಂದ.

ಒಂದು ಟವರ್‌ನ ಲೆಕ್ಕ: ಮೂರು ಸೆಕ್ಟರ್ 8 ವ್ಯಾಟ್‌ನಂತೆ 24, ಎರಡು ಬ್ಯಾಕ್‌ಹಾಲ್ 20, ಸ್ವಿಚ್ ಮತ್ತು ರೂಟರ್ 16. ಒಟ್ಟು 60 ವ್ಯಾಟ್, ದಿನಕ್ಕೆ 1440 ವ್ಯಾಟ್-ಅವರ್. ಮಳೆಗಾಲಕ್ಕೆ ಮೂರು ದಿನದ ದಾಸ್ತಾನು ಬೇಕು. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ 8640 ವ್ಯಾಟ್-ಅವರ್, ಅಂದರೆ 24 ವೋಲ್ಟ್‌ನಲ್ಲಿ 360 ಎಎಚ್ (ಆಂಪಿಯರ್-ಅವರ್). ಲಿಥಿಯಂ ಐರನ್ ಫಾಸ್ಫೇಟ್ ಆದರೆ ಶೇ. 85ರವರೆಗೆ ಬಳಸಬಹುದು, 25.6 ವೋಲ್ಟ್‌ನ 200 ಎಎಚ್ ಸಾಕು. ಆಷಾಢದಲ್ಲಿ ದಿನಕ್ಕೆ ಎರಡು ಗಂಟೆಯ ಪೂರ್ಣ ಬಿಸಿಲು ಎಂದು ಹಿಡಿದು, ನಷ್ಟ ಸೇರಿಸಿದರೆ ಸೋಲಾರ್ ಫಲಕ 1 ಕಿಲೋವ್ಯಾಟ್. ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುವ ಆಗುಂಬೆಯಂಥಲ್ಲಿ ಸೋಲಾರ್ ಒಂದನ್ನೇ ನೆಚ್ಚಬೇಡಿ, ಮೆಸ್ಕಾಂ ಲೈನೂ ಇರಲಿ.

ಬ್ಯಾಟರಿ ವೋಲ್ಟೇಜನ್ನು ಎಸ್‌ಎನ್‌ಎಂಪಿಯಲ್ಲಿ ಕೊಡುವ ರೂಟರ್ ಅಥವಾ ಚಾರ್ಜ್ ಕಂಟ್ರೋಲರ್ ಆರಿಸಿ. ಲೆಡ್-ಆಸಿಡ್‌ನ 24 ವೋಲ್ಟ್ ಜೋಡಿ ತುಂಬಿದಾಗ 25.4, ಅರ್ಧವಾದಾಗ 24.4. ಲಿಥಿಯಂನಲ್ಲಿ ವೋಲ್ಟೇಜ್ ಕೊನೆಯವರೆಗೂ ಚಪ್ಪಟೆ ಇದ್ದು ಒಮ್ಮೆಲೇ ಕುಸಿಯುತ್ತದೆ. ಅದಕ್ಕೆ ಶಂಟ್ (ಹರಿವ ವಿದ್ಯುತ್ತನ್ನು ಅಳೆಯುವ ಬಿಡಿಭಾಗ) ಹಾಕಿ ವಿದ್ಯುತ್ತನ್ನೇ ಎಣಿಸಬೇಕು.

ಕೇಬಲ್‌ನಲ್ಲಿ ಇಳಿಯುವ ವೋಲ್ಟೇಜ್ ಮರೆಯಬೇಡಿ. 60 ಮೀಟರ್ ತಾಮ್ರದ ಕ್ಯಾಟ್5ಇಯಲ್ಲಿ ಎರಡು ಜೋಡಿ ತಂತಿಯ ಹೋಗಿಬರುವ ರೋಧ ಸುಮಾರು 5 ಓಮ್. 8 ವ್ಯಾಟ್ ರೇಡಿಯೊಗೆ 24 ವೋಲ್ಟ್‌ನಲ್ಲಿ 1.7 ವೋಲ್ಟ್ ಇಳಿದರೆ, 20 ವ್ಯಾಟ್‌ನದಕ್ಕೆ 4 ವೋಲ್ಟ್‌ಗೂ ಹೆಚ್ಚು. ಬ್ಯಾಟರಿಯೂ ಇಳಿದಿರುವ ನಸುಕಿನಲ್ಲಿ ರೇಡಿಯೊ ತಾನಾಗಿ ರೀಬೂಟ್ ಆಗುವ ಮರ್ಮ ಇದು. ಅಲ್ಯುಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್‌ನಲ್ಲಿ ನಷ್ಟ ಇನ್ನೂ ಒಂದೂವರೆ ಪಟ್ಟು. ಅದನ್ನು ಟವರ್‌ಗೆ ತರಲೇಬೇಡಿ.

ಹಂತ 9: ಕೇಬಲ್, ಸಿಡಿಲು, ಮಂಗ

ಹೊರಗಿನ ಬಳಕೆಯ ಕಪ್ಪು ಹೊದಿಕೆಯ, ಶೀಲ್ಡ್ ಇರುವ ಕೇಬಲ್ ಹಾಕಿ. ಶೀಲ್ಡ್ ಸಹಿತ ಕನೆಕ್ಟರ್, ಮೇಲೂ ಕೆಳಗೂ ಸರ್ಜ್ ಪ್ರೊಟೆಕ್ಟರ್. ಟವರ್, ಸರ್ಜ್ ಪ್ರೊಟೆಕ್ಟರ್, ಕರೆಂಟಿನ ಅರ್ಥ್ ಎಲ್ಲವೂ ಒಂದಕ್ಕೊಂದು ಜೋಡಿಸಿರಲಿ. ಬೇರೆಬೇರೆ ಗುಂಡಿಗೆ ಬಿಟ್ಟರೆ ಸಿಡಿಲು ಹೊಡೆದಾಗ ಅವುಗಳ ನಡುವಿನ ವೋಲ್ಟೇಜ್ ನಿಮ್ಮ ಸ್ವಿಚ್ ಮೂಲಕವೇ ದಾರಿ ಹುಡುಕುತ್ತದೆ. ಅರ್ಥಿಂಗ್ ರೋಧ 5 ಓಮ್‌ಗಿಂತ ಕೆಳಗಿರಲಿ. ಜಂಬಿಟ್ಟಿಗೆಯ ಗುಡ್ಡದಲ್ಲಿ ಇದು ಸುಲಭವಲ್ಲ, ಎರಡು ಮೂರು ಗುಂಡಿ ತೋಡಿ ಪಟ್ಟಿಯಿಂದ ಜೋಡಿಸಬೇಕಾಗುತ್ತದೆ. ಹಣವಿದ್ದರೆ ಟವರ್ ಮೇಲಕ್ಕೆ ಫೈಬರ್ ಮತ್ತು ಡಿಸಿ ಲೈನ್ ಒಯ್ದು, ಸ್ವಿಚ್ಚನ್ನು ಮೇಲೆಯೇ ಇಡುವುದು ಎಲ್ಲಕ್ಕಿಂತ ಒಳ್ಳೆಯದು.

ರೇಡಿಯೊಗೆ ಕೇಬಲ್ ಸೇರುವ ಮುನ್ನ ಕೆಳಮುಖವಾಗಿ ಒಂದು ಬಳುಕು ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮಂಗಗಳು ಜೋತಾಡುವ ಕಡೆ ಜಿಐ ಪೈಪಿನೊಳಗೆ ಎಳೆಯಿರಿ. ಪೆಟ್ಟಿಗೆಯ ತೂತುಗಳನ್ನು ಕೇಬಲ್ ಗ್ಲ್ಯಾಂಡ್‌ನಿಂದ ಮುಚ್ಚದಿದ್ದರೆ ಇರುವೆ ಗೂಡು ಕಟ್ಟುತ್ತದೆ.

ನೀರು ಇಳಿದ ಕೇಬಲ್ ಮೊದಲು ಸುಳಿವು ಕೊಡುತ್ತದೆ. ಗಿಗಾಬಿಟ್ ಪೋರ್ಟ್ ಇದ್ದಕ್ಕಿದ್ದಂತೆ 100ಕ್ಕೆ ಇಳಿದರೆ ನಾಲ್ಕು ಜೋಡಿಗಳಲ್ಲೊಂದು ಹೋಗಿದೆ. ಎಫ್‌ಸಿಎಸ್ (ಡೇಟಾ ಕೆಟ್ಟು ಬಂದ) ದೋಷದ ಎಣಿಕೆ ಏರುತ್ತಿದ್ದರೆ ಕ್ರಿಂಪ್ (ಕನೆಕ್ಟರ್ ಒತ್ತಿ ಕೂರಿಸಿದ ಜಾಗ) ಕೆಟ್ಟಿದೆ. ಇವೆರಡಕ್ಕೂ ಅಲಾರಂ ಇದ್ದರೆ ಮಳೆ ಹಿಡಿಯುವ ಮುನ್ನ ಕೇಬಲ್ ಬದಲಾಗಿರುತ್ತದೆ.

ಹಂತ 10: ಫರ್ಮ್‌ವೇರ್ ರಾತ್ರಿ

ಬೇಡಿಕೆ ಕನಿಷ್ಠ ಇರುವ ರಾತ್ರಿ 2ರಿಂದ 4. ಯಾವಾಗಲೂ ದೂರದ ಸಾಧನ ಮೊದಲು, ಹತ್ತಿರದ್ದು ಕೊನೆಗೆ: ಮನೆಯ ರೇಡಿಯೊ, ಆಮೇಲೆ ಸೆಕ್ಟರ್, ಬ್ಯಾಕ್‌ಹಾಲ್‌ನ ಆಚೆ ತುದಿ, ಆಮೇಲೆ ಈಚೆ ತುದಿ. ಹೊಸ ಆವೃತ್ತಿಯನ್ನು ಮೊದಲು ಆಫೀಸಿನ ಮೇಜಿನ ಮೇಲೆ, ಆಮೇಲೆ ಬೇಗ ಹೋಗಿಬರಬಹುದಾದ ಒಂದು ಟವರ್‌ನಲ್ಲಿ ಒಂದು ವಾರ ನೋಡಿ. ಮೈಕ್ರೋಟಿಕ್‌ನಲ್ಲಿ ಸಂರಚನೆ ಬದಲಿಸುವಾಗ ಸೇಫ್ ಮೋಡ್ ಒತ್ತಿಕೊಳ್ಳಿ, ಸಂಪರ್ಕ ಕಡಿದರೆ ಬದಲಾವಣೆ ತಾನೇ ಹಿಂದಕ್ಕೆ ಹೋಗುತ್ತದೆ.

ಫರ್ಮ್‌ವೇರ್ ಹಳೆಯದೇ ಇರಲಿ ಬಿಡು ಎನ್ನುವವರಿಗೆ 2018ರ ಪಾಠ ಇದೆ. ಮೈಕ್ರೋಟಿಕ್ ರೂಟರ್‌ಒಎಸ್‌ನ ನಿರ್ವಹಣೆಯ ದಾರಿಯಾದ ವಿನ್‌ಬಾಕ್ಸ್‌ನ ದೋಷದಿಂದ ಗುಟ್ಟುಪದಗಳನ್ನೇ ಓದಿಕೊಂಡು ಜಗತ್ತಿನಾದ್ಯಂತ ಲಕ್ಷಾಂತರ ರೂಟರ್‌ಗಳನ್ನು ಕಬ್ಜಾ ಮಾಡಿದ್ದರು. ವಿನ್‌ಬಾಕ್ಸ್‌ನ 8291ನೇ ಪೋರ್ಟ್ ಆಗಲಿ, ಎಸ್‌ಎನ್‌ಎಂಪಿಯ 161 ಆಗಲಿ ಹೊರಗಿನಿಂದ ಕಾಣಬಾರದು. ನಿರ್ವಹಣೆ ವಿಪಿಎನ್ ಒಳಗಿಂದ ಮಾತ್ರ.

ಹಂತ 11: ಅಲಾರಂ ಕಡಿಮೆ ಇರಲಿ

ಮೊದಲ ವಾರ ಉತ್ಸಾಹದಲ್ಲಿ ಎಲ್ಲದಕ್ಕೂ ಅಲಾರಂ ಹಾಕಿ, ಎರಡನೇ ವಾರ ಆ ಟೆಲಿಗ್ರಾಂ ಗುಂಪನ್ನು ಮ್ಯೂಟ್ ಮಾಡುವುದು ಸರ್ವೇಸಾಮಾನ್ಯ. ರಾತ್ರಿ ಎಬ್ಬಿಸಬೇಕಾದ್ದು ಮೂರೇ: ಟವರ್ 5 ನಿಮಿಷ ಉತ್ತರಿಸಿಲ್ಲ, ಬ್ಯಾಟರಿ 24.0 ವೋಲ್ಟ್‌ಗಿಂತ ಕೆಳಗೆ, ಮುಖ್ಯ ಲೈನ್ ಇಲ್ಲ. ಬೆಳಿಗ್ಗೆ ನೋಡಬಹುದಾದ್ದು: ಬ್ಯಾಕ್‌ಹಾಲ್ ಸಿಗ್ನಲ್ ತನ್ನ ಎಂದಿನ ಮಟ್ಟಕ್ಕಿಂತ 5 ಡಿಬಿ ಇಳಿದಿದೆ, ಪೋರ್ಟ್ ವೇಗ ಬದಲಾಗಿದೆ, ಸೆಕ್ಟರ್ ಏರ್‌ಟೈಮ್ ಸತತ ಮೂರು ಸಂಜೆ ಶೇ. 80 ದಾಟಿದೆ. ಈ ಕೊನೆಯದು ಬಂದರೆ ಹೊಸ ಸೆಕ್ಟರ್ ಕೊಳ್ಳುವ ಹೊತ್ತಾಯಿತು.

ಯಾವ ಟವರ್ ಯಾವುದರ ಹಿಂದೆ ಎಂಬ ಅವಲಂಬನೆಯನ್ನು ಲಿಬ್ರೆಎನ್‌ಎಂಎಸ್‌ನಲ್ಲಿ ತುಂಬಿ. ಇಲ್ಲದಿದ್ದರೆ ನಡುವಿನ ಒಂದು ಟವರ್ ಬಿದ್ದಾಗ ಹಿಂದಿನ ನೂರು ಸಾಧನಗಳೂ ಒಟ್ಟಿಗೆ ಕೂಗಿ, ಮೂಲ ಯಾವುದೆಂದೇ ತಿಳಿಯುವುದಿಲ್ಲ.

ಮುಖ್ಯ ಲೈನ್ ಹೋದರೆ "ಲೈನ್ ಹೋಗಿದೆ" ಎಂಬ ಸಂದೇಶ ಯಾವ ದಾರಿಯಲ್ಲಿ ಬರಬೇಕು? ನಿಗಾ ಸರ್ವರ್‌ಗೆ ಮೊಬೈಲ್ ಸಿಮ್‌ನ ಡಾಂಗಲ್ ಚುಚ್ಚಿ, ಅಥವಾ ಹೊರಗಿನ ಪುಟ್ಟ ಕ್ಲೌಡ್ ಸರ್ವರ್ ಒಂದಕ್ಕೆ ನಿಮಿಷಕ್ಕೊಮ್ಮೆ "ಇದ್ದೇನೆ" ಎಂದು ಹೇಳಿಸಿ, ಹೇಳದಿದ್ದಾಗ ಅದು ನಿಮ್ಮನ್ನು ಎಬ್ಬಿಸುವಂತೆ ಮಾಡಿ.

ಪ್ರತಿ ಅಲಾರಂ ಸಂದೇಶದ ಕೊನೆಗೆ ಏನು ಒಯ್ಯಬೇಕು ಎಂದು ಬರೆದಿಡಿ: "ಪೋರ್ಟ್ 100ಕ್ಕೆ ಇಳಿದಿದೆ — 70 ಮೀಟರ್ ಕೇಬಲ್, 4 ಶೀಲ್ಡ್ ಕನೆಕ್ಟರ್, ಕ್ರಿಂಪರ್, ಸೇಫ್ಟಿ ಬೆಲ್ಟ್." ಜೊತೆಗೆ ಪ್ರತಿ ಟವರ್‌ನ ಬುಡದಲ್ಲಿ ಬೀಗ ಹಾಕಿದ ಡಬ್ಬಿಯೊಂದಿರಲಿ. ಅದರಲ್ಲಿ ಸಂರಚನೆ ತುಂಬಿ ಸಿದ್ಧವಾಗಿಟ್ಟ ಒಂದು ಬದಲಿ ರೂಟರ್, ಒಂದು ಪಿಒಇ, ಎರಡು ಸರ್ಜ್ ಪ್ರೊಟೆಕ್ಟರ್, ಫ್ಯೂಸ್, ಇನ್ಸುಲೇಶನ್ ಟೇಪ್, ಹೆಡ್‌ಲ್ಯಾಂಪ್. ತೆರೆಯುವ ಮುನ್ನ ಡಬ್ಬಿಯನ್ನು ಕೋಲಿನಿಂದ ಎರಡು ಸಲ ತಟ್ಟಿ. ಕಣಜ ಇದ್ದರೆ ಹೊರಗೆ ಬರಲಿ.